ಅಚ್ಚುಮೊಳೆ ಜೋಡಿಸಿದ ಇಬ್ಬರು ಗೆಳೆಯರು

(ಕಾರ್ಮಿಕ ವಾಚನಾಲಯದ ವಾರದ ಸಭೆಯಲ್ಲಿ ಪಕ್ಷದ ಸಂಘಟಕರೊಬ್ಬರು ಮಾಡಿದ ಭಾಷಣದ ಬರಹರೂಪ)



ಇವತ್ತು ಬೋನಸ್ಸಿನ ವಿಷಯವೋ, ತೆರಿಗೆಯ ವಿಷಯವೋ ಎಂದು ಬಾಗಿಲಲ್ಲೇ ಒಬ್ಬರು ನನ್ನನ್ನು ಕೇಳಿದರು. ಎರಡೂ ಅಲ್ಲ, ಅಮೆರಿಕದ ಇಬ್ಬರು ಮುದಿ ಸಾಹಿತಿಗಳ ಸ್ನೇಹದ ವಿಷಯ ಎಂದೆ. ಅವರ ಮುಖ ಬಾಡಿತು. ಸಾಹಿತಿಗಳ ಸ್ನೇಹದಿಂದ ನಮ್ಮ ಹೊಟ್ಟೆ ತುಂಬುತ್ತದೆಯೇ ಸ್ವಾಮಿ ಎಂದರು. ತುಂಬುವುದಿಲ್ಲ, ಒಪ್ಪುತ್ತೇನೆ. ಆದರೆ ಚಳವಳಿಯಲ್ಲಿ ಹತ್ತು ವರ್ಷ ಕಳೆದ ಪ್ರತಿಯೊಬ್ಬರನ್ನೂ ಒಂದು ಪ್ರಶ್ನೆ ಕಾಡುತ್ತದೆ. ಜತೆಯಲ್ಲಿ ಹೊರಟವನು ಕೊನೆಯವರೆಗೂ ಜತೆಯಲ್ಲಿರುತ್ತಾನೆಯೇ? ಇಪ್ಪತ್ತರಲ್ಲಿ ಕೆಂಡವಾಗಿದ್ದವರು ನಲವತ್ತಕ್ಕೆ ಬೂದಿಯಾಗುವುದನ್ನು ನಾವೆಲ್ಲ ಕಂಡಿದ್ದೇವೆ. ನಾನು ಹೇಳಹೊರಟಿರುವ ಇಬ್ಬರದು ಇದಕ್ಕೆ ತಿರುವುಮುರುವು. ಯೌವನದಲ್ಲಿ ತಮ್ಮ ಪಾಡಿಗೆ ತಾವಿದ್ದವರು ಐವತ್ತರ ಹೊತ್ತಿಗೆ ಕೆಂಡವಾದರು. ಅದರಲ್ಲಿ ಗೆಳೆತನದ ಪಾಲೆಷ್ಟು, ಅದೇ ಗೆಳೆತನ ಎಲ್ಲಿ ಅವರ ಕೈಬಿಟ್ಟಿತು, ಇದೇ ನನ್ನ ಇಂದಿನ ಮಾತು.

ಮೊದಲನೆಯವನು ಸ್ಯಾಮ್ಯುಯೆಲ್ ಕ್ಲೆಮೆನ್ಸ್. ಲೋಕ ಬಲ್ಲ ಹೆಸರು ಮಾರ್ಕ್ ಟ್ವೈನ್. ‘ಟಾಮ್ ಸಾಯರ್’, ‘ಹಕಲ್‌ಬೆರಿ ಫಿನ್’ ಬರೆದವನು. ಎರಡನೆಯವನು ವಿಲಿಯಂ ಡೀನ್ ಹೊವೆಲ್ಸ್. ಇಂದು ಇವನನ್ನು ಓದುವವರು ಕಡಿಮೆ. ಅಂದು ಆ ದೇಶದ ಸಾಹಿತ್ಯದಲ್ಲಿ ಇವನ ಮಾತೇ ಮಾತು.

ಕ್ಲೆಮೆನ್ಸ್ ಹುಟ್ಟಿದ್ದು ೧೮೩೫ರಲ್ಲಿ, ಮಿಸೌರಿ ಪ್ರಾಂತದಲ್ಲಿ. ಅದು ಗುಲಾಮಗಿರಿಯ ನಾಡು, ಅವನ ಮನೆಯಲ್ಲೇ ಗುಲಾಮರಿದ್ದರು. ಹೊವೆಲ್ಸ್ ಹುಟ್ಟಿದ್ದು ೧೮೩೭ರಲ್ಲಿ, ಒಹಾಯೊದಲ್ಲಿ. ಅವನ ತಂದೆ ಗುಲಾಮಗಿರಿಯನ್ನು ವಿರೋಧಿಸುತ್ತಿದ್ದ ಬಡ ಪತ್ರಿಕಾಕರ್ತ. ಹೀಗೆ ಒಂದು ಮನೆ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ. ಆದರೆ ಇಬ್ಬರನ್ನೂ ಬೆಸೆದ ಒಂದು ಸಂಗತಿಯಿದೆ. ಇಬ್ಬರೂ ಕಾಲೇಜಿನ ಮೆಟ್ಟಲು ಹತ್ತಿದವರಲ್ಲ. ಇಬ್ಬರೂ ಹುಡುಗರಾಗಿದ್ದಾಗಲೇ ಛಾಪಖಾನೆಯಲ್ಲಿ ನಿಂತು ಅಚ್ಚುಮೊಳೆ ಜೋಡಿಸಿದವರು. ಕ್ಲೆಮೆನ್ಸ್ ತಂದೆ ಸತ್ತ ಮೇಲೆ ಹೊಟ್ಟೆಪಾಡಿಗೆ ಸೇರಿದ. ಹೊವೆಲ್ಸ್ ಅಪ್ಪನ ಅಚ್ಚುಕೂಟದಲ್ಲೇ ಕೈಮಸಿ ಮಾಡಿಕೊಂಡ. ಆ ಮಸಿಯೇ ಇಬ್ಬರ ವಿಶ್ವವಿದ್ಯಾಲಯ.

ಕ್ಲೆಮೆನ್ಸನಿಗೆ ಇನ್ನೊಂದು ಪಾಠಶಾಲೆಯೂ ಇತ್ತು. ಅವನು ಮಿಸಿಸಿಪಿ ನದಿಯಲ್ಲಿ ಹಬೆದೋಣಿ ನಡೆಸುವ ಪೈಲಟ್ ಆಗಿದ್ದ. ಆ ಪೈಲಟರು ಕಟ್ಟಿದ ಸಂಘದ ಕಥೆಯನ್ನು ಅವನು ತನ್ನ ನದಿಯ ಪುಸ್ತಕದಲ್ಲಿ ಹೇಳಿದ್ದಾನೆ. ನದಿಯ ತಳ ದಿನದಿನಕ್ಕೂ ಬದಲಾಗುತ್ತದೆ. ನಿನ್ನೆ ಆಳವಿದ್ದಲ್ಲಿ ಇಂದು ಮರಳು ದಿಬ್ಬ. ಸಂಘದವರು ಹಡಗುಕಟ್ಟೆಗಳಲ್ಲಿ ಬೀಗ ಹಾಕಿದ ಪೆಟ್ಟಿಗೆ ಇಟ್ಟರು. ಪ್ರತಿಯೊಬ್ಬ ಪೈಲಟನೂ ತಾನು ಕಂಡ ನದಿಯ ಸ್ಥಿತಿ ಬರೆದು ಅದರಲ್ಲಿ ಹಾಕಬೇಕು. ಬೀಗದ ಕೈ ಸದಸ್ಯರ ಕೈಯಲ್ಲಿ ಮಾತ್ರ. ಸಂಘ ಸೇರದವರ ದೋಣಿಗಳು ದಿಬ್ಬಕ್ಕೆ ತಾಗಿ ಮುಳುಗಿದವು, ಸಂಘದವರ ದೋಣಿಗಳು ದಡ ಸೇರಿದವು. ಕೊನೆಗೆ ಮಾಲೀಕರೇ ಸಂಘದವರನ್ನು ಹುಡುಕಿಕೊಂಡು ಬಂದರು. ಈ ಪೆಟ್ಟಿಗೆ ನೆನಪಿರಲಿ, ಕೊನೆಗೆ ಬೇಕಾಗುತ್ತದೆ.

ಇಬ್ಬರೂ ಭೇಟಿಯಾದದ್ದು ೧೮೬೯ರ ಕೊನೆಯಲ್ಲಿ, ಬಾಸ್ಟನ್ ನಗರದಲ್ಲಿ. ಹೊವೆಲ್ಸ್ ಆಗ ‘ಅಟ್ಲಾಂಟಿಕ್ ಮಂಥ್ಲಿ’ ಎಂಬ ಮಾಸಪತ್ರಿಕೆಯ ಸಹಾಯಕ ಸಂಪಾದಕ. ಕ್ಲೆಮೆನ್ಸನ ಪ್ರವಾಸದ ಪುಸ್ತಕವೊಂದನ್ನು ಮೆಚ್ಚಿ, ಹೆಸರು ಹಾಕದೆ ವಿಮರ್ಶೆ ಬರೆದಿದ್ದ. ಬರೆದವರು ಯಾರು, ಕೃತಜ್ಞತೆ ಹೇಳಬೇಕು ಎಂದು ಕ್ಲೆಮೆನ್ಸ್ ಕಚೇರಿ ಹುಡುಕಿಕೊಂಡು ಬಂದ. ಮೈಮೇಲೆ ಸೀಲ್ ಪ್ರಾಣಿಯ ಚರ್ಮದ ಕೋಟು, ತುಪ್ಪಳ ಹೊರಗೆ! ಬೀದಿಯ ಜನ ನಿಂತು ನೋಡುತ್ತಿದ್ದರು. ಹೊವೆಲ್ಸನೋ ಮೆಲುದನಿಯ, ಅಚ್ಚುಕಟ್ಟು ಮನುಷ್ಯ. ಅಂದಿನಿಂದ ಕ್ಲೆಮೆನ್ಸ್ ಸಾಯುವ ೧೯೧೦ರವರೆಗೆ, ನಲವತ್ತು ವರ್ಷ, ಈ ನಂಟು ಹರಿಯಲಿಲ್ಲ. ಇಬ್ಬರ ನಡುವಿನ ಆರುನೂರಕ್ಕೂ ಹೆಚ್ಚು ಪತ್ರಗಳು ೧೯೬೦ರಲ್ಲಿ ಎರಡು ಸಂಪುಟಗಳಾಗಿ ಅಚ್ಚಾದವು.

ಗೆಳೆತನ ಎಂದರೆ ಹೊಗಳಿಕೆಯೇ? ಹಾಗಿದ್ದರೆ ನಾಲ್ಕು ದಿನಕ್ಕೆ ಹಳಸುತ್ತಿತ್ತು. ೧೮೭೪ರಲ್ಲಿ ಕ್ಲೆಮೆನ್ಸ್ ಒಂದು ಕಥೆ ಕಳಿಸಿದ. ಗುಲಾಮಳಾಗಿದ್ದ ಹೆಣ್ಣುಮಗಳೊಬ್ಬಳು ತನ್ನ ಮಕ್ಕಳನ್ನೆಲ್ಲ ಸಂತೆಯಲ್ಲಿ ಮಾರಿದ ದಿನವನ್ನು ತನ್ನ ಬಾಯಲ್ಲೇ ಹೇಳುವ ಕಥೆ. ಇದರಲ್ಲಿ ನಗೆಯಿಲ್ಲ, ಬೇಡವಾದರೆ ಬಿಡು ಎಂದು ಅಳುಕಿನಿಂದಲೇ ಕಳಿಸಿದ. ನಗೆಗಾರನೆಂದೇ ದೇಶ ಬಲ್ಲವನ ಈ ಅಳುವನ್ನು ಹೊವೆಲ್ಸ್ ಆ ದೊಡ್ಡ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ನಿನ್ನಲ್ಲಿ ನಗೆಗಿಂತ ದೊಡ್ಡದೊಂದು ಇದೆ ಎಂದು ಗುರುತಿಸಿದವನು ಈ ಗೆಳೆಯ.

೧೮೭೭ರ ಡಿಸೆಂಬರಿನಲ್ಲಿ ಅದೇ ಪತ್ರಿಕೆಯವರು ಒಬ್ಬ ಹಿರಿಯ ಕವಿಯ ಎಪ್ಪತ್ತನೆಯ ಹುಟ್ಟುಹಬ್ಬಕ್ಕೆ ಔತಣ ಏರ್ಪಡಿಸಿದರು. ಎಮರ್ಸನ್, ಲಾಂಗ್‌ಫೆಲೊ, ಹೋಮ್ಸ್ ಎಂಬ ಮಹಾಮಹಿಮರೆಲ್ಲ ಕೂತಿದ್ದರು. ಕ್ಲೆಮೆನ್ಸ್ ಎದ್ದು ನಿಂತು, ಈ ಮೂವರ ಹೆಸರು ಹೇಳಿಕೊಂಡು ಮೂರು ಕುಡುಕ ಅಲೆಮಾರಿಗಳು ಒಬ್ಬ ಗಣಿಗಾರನ ಗುಡಿಸಲಿಗೆ ನುಗ್ಗಿ ಇಸ್ಪೀಟಿನಲ್ಲಿ ಮೋಸ ಮಾಡಿದರೆಂದು ತಮಾಷೆಯ ಕಥೆ ಹೇಳಿದ. ನಗು ಬರಬೇಕಾದ ಕಡೆ ಮೌನ ಕವಿಯಿತೆಂದು ಹೊವೆಲ್ಸ್ ಆಮೇಲೆ ಬರೆದಿದ್ದಾನೆ. ಕ್ಲೆಮೆನ್ಸ್ ನಾಚಿಕೆಯಿಂದ ಕುಗ್ಗಿಹೋದ. ನನ್ನ ಬರಹ ಹಾಕಿದರೆ ನಿನ್ನ ಪತ್ರಿಕೆಗೆ ಕೆಟ್ಟ ಹೆಸರು, ನಿಲ್ಲಿಸಿಬಿಡು ಎಂದು ತಾನೇ ಬರೆದ. ಕೈಬಿಡುವ ಯೋಚನೆ ನನಗೆ ಕನಸಿನಲ್ಲೂ ಇಲ್ಲ ಎಂಬ ಅರ್ಥದ ಉತ್ತರ ಬಂತು. ತಪ್ಪನ್ನು ತಪ್ಪಲ್ಲ ಎಂದು ಹೊವೆಲ್ಸ್ ಹೇಳಲಿಲ್ಲ. ತಪ್ಪು ಮಾಡಿದವನನ್ನು ಬಿಡಲೂ ಇಲ್ಲ. ಸಂಘ ಕಟ್ಟುವವರು ಇದನ್ನು ಗಮನಿಸಬೇಕು.

ಈಗ ಕಾಲ ೧೮೮೬ಕ್ಕೆ ಬಂತು. ಕ್ಲೆಮೆನ್ಸನಿಗೆ ಐವತ್ತು, ಹೊವೆಲ್ಸನಿಗೆ ನಲವತ್ತೊಂಬತ್ತು. ಇಬ್ಬರಿಗೂ ಹಣ, ಕೀರ್ತಿ, ಒಳ್ಳೆಯ ಮನೆ. ಹೊವೆಲ್ಸನಿಗೆ ಹಾರ್ಪರ್ ಪ್ರಕಾಶನದಿಂದ ವರ್ಷಕ್ಕೆ ೧೦,೦೦೦ ಡಾಲರಿಗೂ ಮೀರಿದ ವರಮಾನ. ಇನ್ನು ಸುಮ್ಮನಿದ್ದರೆ ಆಯಿತು ಎನ್ನುವ ವಯಸ್ಸು. ಆ ಮಾರ್ಚಿ ತಿಂಗಳಲ್ಲಿ ಕ್ಲೆಮೆನ್ಸ್ ತನ್ನೂರಿನ ಪ್ರತಿಷ್ಠಿತರ ಗೋಷ್ಠಿಯೊಂದರಲ್ಲಿ ಎದ್ದು ಕಾರ್ಮಿಕ ಸಂಘಗಳನ್ನು ಎತ್ತಿಹಿಡಿದು ಮಾತನಾಡಿದ. ಇಷ್ಟು ಕಾಲ ಆಳಿದವರು ಕೆಲವರು, ಇನ್ನು ಆಳಬೇಕಾದವರು ದುಡಿಯುವ ಬಹುಜನ, ಸಿಂಹಾಸನಕ್ಕೆ ಹಕ್ಕುದಾರರು ಅವರೇ ಎಂಬುದು ಅವನ ವಾದ. ಮರುವರ್ಷ ಆಗಸ್ಟಿನಲ್ಲಿ ಹೊವೆಲ್ಸನಿಗೆ ಪತ್ರ ಬರೆದು, ಫ್ರಾನ್ಸಿನ ಕ್ರಾಂತಿಯ ಚರಿತ್ರೆಯನ್ನು ಮತ್ತೆ ಓದಿದೆ ಎಂದ. ಹದಿನಾರು ವರ್ಷದ ಹಿಂದೆ ಓದಿದಾಗ ತಾನು ಮಿತವಾದಿಗಳ ಪಕ್ಷ, ಈಗ ಬರಿಗಾಲಿನ ಬಡವರ ಪಕ್ಷ. ಪುಸ್ತಕ ಬದಲಾಗಿಲ್ಲ, ಬದಲಾದವನು ತಾನು ಎಂಬುದು ಆ ಪತ್ರದ ಸಾರ.

ಪತ್ರದಲ್ಲಿ ಕ್ರಾಂತಿ ಸುಲಭ. ಪರೀಕ್ಷೆ ಮೂರೇ ತಿಂಗಳಲ್ಲಿ ಬಂತು. ಅದು ನಮ್ಮ ಮೇ ದಿನದ ಕಥೆ. ಎಂಟು ಗಂಟೆಯ ದುಡಿತ ಬೇಕೆಂದು ೧೮೮೬ರ ಮೇ ೧ರಂದು ಅಮೆರಿಕದ ಕಾರ್ಮಿಕರು ಮುಷ್ಕರ ಹೂಡಿದರು. ಮೇ ೩ರಂದು ಷಿಕಾಗೊ ನಗರದಲ್ಲಿ ಪೋಲೀಸರು ಮುಷ್ಕರಗಾರರ ಮೇಲೆ ಗುಂಡು ಹಾರಿಸಿದರು. ಮರುದಿನ ಹೇಮಾರ್ಕೆಟ್ ಚೌಕದ ಸಭೆಯಲ್ಲಿ ಯಾರೋ ಬಾಂಬ್ ಎಸೆದರು. ಪೋಲೀಸರೂ ಸತ್ತರು, ಕೆಲಸಗಾರರೂ ಸತ್ತರು. ಎಸೆದವನು ಯಾರೆಂಬುದು ಇಂದಿಗೂ ಗೊತ್ತಾಗಿಲ್ಲ. ಆದರೂ ಎಂಟು ಜನ ಮುಂದಾಳುಗಳನ್ನು ಹಿಡಿದು, ಏಳು ಜನಕ್ಕೆ ಮರಣದಂಡನೆ ವಿಧಿಸಿದರು. ಅವರ ಅಪರಾಧ ಅವರ ಅಭಿಪ್ರಾಯ, ಅಷ್ಟೇ.

ದೇಶವೆಲ್ಲ ನೇಣು ಹಾಕಿ ಎಂದು ಕೂಗುತ್ತಿದ್ದಾಗ ಹೊವೆಲ್ಸ್ ಮೊಕದ್ದಮೆಯ ವಿವರ ಓದಿದ. ಇದು ನ್ಯಾಯವಲ್ಲ ಎಂದು ಮನವರಿಕೆಯಾಯಿತು. ಮನೆಯಲ್ಲಿ ಮಗಳು ಕಾಯಿಲೆ ಬಿದ್ದಿದ್ದಳು. ಅವನು ತನ್ನ ಹಿರಿಯ ಸ್ನೇಹಿತರಾದ ಕವಿ ವಿಟ್ಟಿಯರ್‌ಗೆ, ಪತ್ರಕರ್ತ ಕರ್ಟಿಸ್‌ಗೆ ಬರೆದು, ದನಿಗೂಡಿಸಿ ಎಂದು ಬೇಡಿದ. ಎಪ್ಪತ್ತನೆಯ ಹುಟ್ಟುಹಬ್ಬದ ಔತಣ ನಡೆದದ್ದು ಈ ವಿಟ್ಟಿಯರ್‌ಗೇ. ಇಬ್ಬರೂ ಒಲ್ಲೆವೆಂದರು. ಕೊನೆಗೆ ೧೮೮೭ರ ನವೆಂಬರ್ ೬ರಂದು ‘ನ್ಯೂಯಾರ್ಕ್ ಟ್ರಿಬ್ಯೂನ್’ ಪತ್ರಿಕೆಯಲ್ಲಿ ಅವನ ಬಹಿರಂಗ ಪತ್ರ ಬಂತು. ಗವರ್ನರರಿಗೆ ಕ್ಷಮಾದಾನದ ಮನವಿ ಕಳಿಸಿ ಎಂದು ಜನರನ್ನು ಕೇಳಿದ. ಅಮೆರಿಕದ ಹೆಸರಾಂತ ಸಾಹಿತಿಗಳಲ್ಲಿ ಹೀಗೆ ಸಹಿ ಮಾಡಿ ನಿಂತವನು ಹೆಚ್ಚುಕಡಿಮೆ ಅವನೊಬ್ಬನೇ. ಪತ್ರಿಕೆಗಳು ಅವನಿಗೆ ಛೀಮಾರಿ ಹಾಕಿದವು. ನವೆಂಬರ್ ೧೧ರಂದು ನಾಲ್ವರನ್ನು ಗಲ್ಲಿಗೇರಿಸಿದರು. ಒಬ್ಬ ಹಿಂದಿನ ದಿನವೇ ಸೆರೆಮನೆಯಲ್ಲಿ ಪ್ರಾಣ ಕಳೆದುಕೊಂಡಿದ್ದ. ಉಳಿದ ಮೂವರನ್ನು ೧೮೯೩ರಲ್ಲಿ ಗವರ್ನರ್ ಆಲ್ಟ್‌ಗೆಲ್ಡ್ ಬಿಡುಗಡೆ ಮಾಡಿ, ವಿಚಾರಣೆಯೇ ಅನ್ಯಾಯವೆಂದು ಸಾರಿದ. ಹೊವೆಲ್ಸನ ಮಾತು ನಿಜವಾಗುವುದಕ್ಕೆ ಆರು ವರ್ಷ ಹಿಡಿಯಿತು.

ಆ ನವೆಂಬರಿನಲ್ಲಿ ಕ್ಲೆಮೆನ್ಸ್ ಎಲ್ಲಿದ್ದ? ಪತ್ರದಲ್ಲಿ ಕ್ರಾಂತಿಕಾರನಾಗಿದ್ದವನು ಬಯಲಿಗೆ ಬಂದು ಗೆಳೆಯನ ಪಕ್ಕದಲ್ಲಿ ನಿಲ್ಲಲಿಲ್ಲ. ಹೊವೆಲ್ಸ್ ಅದಕ್ಕಾಗಿ ಸ್ನೇಹ ಮುರಿಯಲಿಲ್ಲ. ಗೆಳೆಯ ಬರಲಿಲ್ಲವೆಂದು ತಾನು ಹಿಂದೆಗೆಯಲೂ ಇಲ್ಲ. ಎರಡು ವರ್ಷದ ಮೇಲೆ, ರಾಜರನ್ನೂ ಶ್ರೀಮಂತರನ್ನೂ ಮಠಾಧಿಪತಿಗಳನ್ನೂ ಬೆತ್ತಲೆ ಮಾಡುವ ಕಾದಂಬರಿಯೊಂದನ್ನು ಕ್ಲೆಮೆನ್ಸ್ ಹೊರತಂದಾಗ, ಅದನ್ನು ಮನತುಂಬಿ ಎತ್ತಿಹಿಡಿದವನು ಇದೇ ಹೊವೆಲ್ಸ್. ಅದೇ ಹೊತ್ತಿನಲ್ಲಿ ಹೊವೆಲ್ಸನ ಕಾದಂಬರಿಯಲ್ಲಿ ನ್ಯೂಯಾರ್ಕಿನ ಟ್ರಾಮ್ ಕೆಲಸಗಾರರ ಮುಷ್ಕರ ಬಂತು. ಗುಲಾಮಗಿರಿಯ ವಿರುದ್ಧದ ಯುದ್ಧದಲ್ಲಿ ಕೈ ಕಳೆದುಕೊಂಡ ಮುದುಕ ಸಮಾಜವಾದಿಯೊಬ್ಬ ಅದರಲ್ಲಿ ಪೋಲೀಸರ ಲಾಠಿಗೆ ಬಲಿಯಾಗುತ್ತಾನೆ.

ಬಂಧುಗಳೇ, ಇವರನ್ನು ದೇವರು ಮಾಡಿ ಕೂರಿಸಲು ನಾನು ಬಂದಿಲ್ಲ. ೧೮೯೦ರಲ್ಲಿ ಹೊವೆಲ್ಸ್ ತನ್ನ ತಂದೆಗೆ ಬರೆದ ಪತ್ರದಲ್ಲಿ ತಾನೇ ಒಪ್ಪಿಕೊಂಡ: ತಾನೂ ಕ್ಲೆಮೆನ್ಸನೂ, ಇಬ್ಬರ ಹೆಂಡಿರೂ, ಸಿದ್ಧಾಂತದಲ್ಲಿ ಸಮಾಜವಾದಿಗಳು, ಬಾಳಿನಲ್ಲಿ ಶ್ರೀಮಂತರು ಎಂದು. ನಮ್ಮ ಜನ ಇದನ್ನೇ ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎನ್ನುತ್ತಾರೆ. ವ್ಯತ್ಯಾಸವಿಷ್ಟೇ: ಬದನೆಕಾಯಿ ತಿನ್ನುತ್ತಿದ್ದೇನೆ ಎಂದು ಹೊವೆಲ್ಸ್ ಮುಚ್ಚಿಡಲಿಲ್ಲ.

ಕ್ಲೆಮೆನ್ಸನ ಬದನೆಕಾಯಿ ಇನ್ನೂ ದೊಡ್ಡದು. ಅಚ್ಚುಮೊಳೆ ಜೋಡಿಸಿ ಬೆಳೆದವನು, ಮೊಳೆ ಜೋಡಿಸುವವರ ಕೆಲಸ ಕಸಿಯುವ ಯಂತ್ರವೊಂದಕ್ಕೆ ಲಕ್ಷಗಟ್ಟಲೆ ಡಾಲರು ಸುರಿದ. ಸುಮಾರು ೧೮,೦೦೦ ಬಿಡಿಭಾಗಗಳ ಆ ಯಂತ್ರ ನೆಟ್ಟಗೆ ಓಡಲೇ ಇಲ್ಲ. ಜತೆಗೆ ಅವನ ಪ್ರಕಾಶನದ ಅಂಗಡಿಯೂ ೧೮೯೪ರಲ್ಲಿ ದಿವಾಳಿಯಾಯಿತು. ಪೇಟೆಯ ಬಂಧುಗಳು ಮುಂದಿನದನ್ನು ಕೇಳಬೇಕು. ಸಾಲಗಾರರಿಗೆ ರೂಪಾಯಿಗೆ ಎಂಟಾಣೆಯೋ ಆರಾಣೆಯೋ ಕೊಟ್ಟು ಕೈತೊಳೆದುಕೊಳ್ಳಲು ಕಾನೂನು ಬಿಡುತ್ತಿತ್ತು. ಅವನು ಒಪ್ಪಲಿಲ್ಲ. ಅರವತ್ತರ ಹೊಸ್ತಿಲಲ್ಲಿ ಊರೂರು ಸುತ್ತಿ ಭಾಷಣ ಮಾಡಿ, ೧೮೯೮ರ ಹೊತ್ತಿಗೆ ಪೂರ್ತಿ ಸಾಲ ತೀರಿಸಿದ. ಈ ಕಷ್ಟದಲ್ಲಿ ಅವನ ಲೆಕ್ಕಪತ್ರ ನೋಡಿ ಕಾಪಾಡಿದವನು ಸ್ಟ್ಯಾಂಡರ್ಡ್ ಆಯಿಲ್ ಕಂಪನಿಯ ದೊರೆಗಳಲ್ಲೊಬ್ಬನಾದ ರೋಜರ್ಸ್. ಏಕಸ್ವಾಮ್ಯದ ಆ ಬಂಡವಾಳಗಾರನಿಗೆ ಕ್ಲೆಮೆನ್ಸ್ ಕೊನೆಯವರೆಗೂ ಋಣಿಯಾಗಿಯೇ ಉಳಿದ. ಸಾಲದ ಹಂಗು ತೀರಬಹುದು, ಉಪಕಾರದ ಹಂಗು ಬಹಳ ಕಾಲ ಬಾಯಿ ಕಟ್ಟುತ್ತದೆ.

ಸಾಲ ತೀರಿಸುವ ಆ ಯಾತ್ರೆಯೇ ಅವನನ್ನು ೧೮೯೬ರ ಜನವರಿಯಲ್ಲಿ ಮುಂಬಯಿಗೆ ತಂದಿತು. ಅಲ್ಲಿ ಹೋಟೆಲಿನಲ್ಲಿ ಒಬ್ಬ ದಪ್ಪನೆಯ ಜರ್ಮನನು ನಮ್ಮವನೊಬ್ಬ ಆಳಿನ ಕೆನ್ನೆಗೆ ಬಾರಿಸಿದ. ಆಳು ಮಾತಿಲ್ಲದೆ ತಗ್ಗಿ ನಿಂತ. ಕ್ಲೆಮೆನ್ಸನಿಗೆ ಒಮ್ಮೆಲೇ ತನ್ನ ಬಾಲ್ಯ ನೆನಪಾಯಿತು. ಗುಲಾಮ ಹುಡುಗನಿಗೆ ತಂದೆ ಹೊಡೆಯುತ್ತಿದ್ದುದು, ಊರಿನವನೊಬ್ಬ ಗುಲಾಮನನ್ನು ಕೊಂದೇಹಾಕಿದ್ದು. ಐವತ್ತು ವರ್ಷ ಹಳೆಯ ಮಿಸೌರಿ ಆ ಒಂದು ಏಟಿನಲ್ಲಿ ಕಣ್ಣೆದುರು ನಿಂತಿತೆಂದು ಅವನೇ ಬರೆದಿದ್ದಾನೆ. ಗುಲಾಮಗಿರಿಯೂ ಸಾಮ್ರಾಜ್ಯಶಾಹಿಯೂ ಒಂದೇ ಕೈಯ ಎರಡು ಏಟು ಎಂಬುದು ಪುಸ್ತಕದಿಂದ ಬಂದ ಜ್ಞಾನವಲ್ಲ, ಮುಂಬಯಿಯ ಹೋಟೆಲಿನಲ್ಲಿ ಕಣ್ಣಾರೆ ಕಂಡದ್ದು.

೧೮೯೮ರಲ್ಲಿ ಅಮೆರಿಕ ಸ್ಪೇನಿನೊಡನೆ ಯುದ್ಧ ಮಾಡಿ, ಎರಡು ಕೋಟಿ ಡಾಲರು ಕೊಟ್ಟು ಫಿಲಿಪೈನ್ಸ್ ದ್ವೀಪಗಳನ್ನು ಪಡೆಯಿತು. ಸ್ವಾತಂತ್ರ್ಯ ಕೇಳಿದ ಅಲ್ಲಿನ ಜನರ ಮೇಲೆ ಮರುವರ್ಷ ಬಂದೂಕು ತಿರುಗಿಸಿತು. ಹೊವೆಲ್ಸ್ ಮೊದಲಿನಿಂದಲೂ ಈ ಯುದ್ಧದ ವಿರೋಧಿ. ಕ್ಲೆಮೆನ್ಸ್ ಮೊದಲು ಇದು ವಿಮೋಚನೆಯ ಯುದ್ಧವೆಂದು ನಂಬಿ ಮೋಸಹೋದ. ೧೯೦೦ರಲ್ಲಿ ತಾಯ್ನಾಡಿಗೆ ಮರಳಿದಾಗ, ನಾನು ಸಾಮ್ರಾಜ್ಯಶಾಹಿಯ ವಿರೋಧಿ ಎಂದು ಹಡಗಿನಿಂದ ಇಳಿಯುತ್ತಲೇ ಸಾರಿದ. ೧೯೦೧ರ ಫೆಬ್ರವರಿಯಲ್ಲಿ ಬರೆದ ಲೇಖನದಲ್ಲಿ, ಫಿಲಿಪೈನ್ಸಿಗೆ ನಮ್ಮ ಬಾವುಟವನ್ನೇ ಸ್ವಲ್ಪ ಬದಲಿಸಿದರಾಯಿತು, ಬಿಳಿ ಪಟ್ಟೆಗೆ ಕಪ್ಪು ಬಳಿದು ನಕ್ಷತ್ರದ ಜಾಗದಲ್ಲಿ ತಲೆಬುರುಡೆ ಹಾಕಿ ಎಂದು ಚುಚ್ಚಿದ. ಸಾಮ್ರಾಜ್ಯಶಾಹಿ ವಿರೋಧಿ ಸಂಘ ಅದನ್ನು ಕಿರುಹೊತ್ತಗೆ ಮಾಡಿ ಹಂಚಿತು. ಅಂದಿನಿಂದ ಸಾಯುವವರೆಗೂ ಅವನು ಆ ಸಂಘದ ಉಪಾಧ್ಯಕ್ಷರಲ್ಲೊಬ್ಬ. ಹೊವೆಲ್ಸನೂ ಅದರಲ್ಲಿದ್ದ. ಆ ಚಳಿಗಾಲ ನ್ಯೂಯಾರ್ಕಿನಲ್ಲಿ ಇಬ್ಬರು ಮುದುಕರೂ ಕೂತು ಲೋಕದ ಯುದ್ಧಗಳನ್ನೆಲ್ಲ ಬೈದು ಸುಖಪಡುತ್ತಿದ್ದರೆಂದು ಹೊವೆಲ್ಸನ ಪತ್ರದಿಂದ ತಿಳಿಯುತ್ತದೆ. ಬೈಗುಳಕ್ಕೂ ಜತೆ ಬೇಕು. ಒಬ್ಬನೇ ಬೈದರೆ ಹುಚ್ಚನೆನ್ನುತ್ತಾರೆ, ಇಬ್ಬರು ಬೈದರೆ ಪಕ್ಷವೆನ್ನುತ್ತಾರೆ.

ಆದರೂ ಎಲ್ಲವೂ ಬೆಳಕಿಗೆ ಬರಲಿಲ್ಲ. ೧೯೦೫ರಲ್ಲಿ ಹೊವೆಲ್ಸ್ ಯುದ್ಧದ ಹುಚ್ಚಿನ ಮೇಲೆ ‘ಎಡಿತಾ’ ಎಂಬ ಕಥೆ ಪ್ರಕಟಿಸಿದ. ಅದೇ ವರ್ಷ ಕ್ಲೆಮೆನ್ಸ್, ಗೆಲುವಿಗಾಗಿ ಮಾಡುವ ಪ್ರಾರ್ಥನೆಯ ಒಳಗೆ ಎದುರಾಳಿಯ ಮಕ್ಕಳ ಸಾವಿನ ಬೇಡಿಕೆ ಅಡಗಿದೆ ಎಂದು ತೋರಿಸುವ ಬರಹ ಬರೆದ. ಪತ್ರಿಕೆಯವರು ಬೇಡವೆಂದರು. ಅದು ಪೆಟ್ಟಿಗೆಯಲ್ಲೇ ಉಳಿದು, ಅವನು ಸತ್ತ ಹದಿಮೂರು ವರ್ಷದ ಮೇಲೆ ೧೯೨೩ರಲ್ಲಿ ಅಚ್ಚಾಯಿತು.

ಇನ್ನು ಈ ಸ್ನೇಹದ ಕಪ್ಪು ದಿನ. ೧೯೦೬ರ ಏಪ್ರಿಲಿನಲ್ಲಿ ರಷ್ಯದ ಕ್ರಾಂತಿಗೆ ಹಣ ಕೂಡಿಸಲು ಮ್ಯಾಕ್ಸಿಂ ಗಾರ್ಕಿ ನ್ಯೂಯಾರ್ಕಿಗೆ ಬಂದ. ಕ್ಲೆಮೆನ್ಸ್ ಅವನನ್ನು ಸ್ವಾಗತಿಸಿ ಮಾತನಾಡಿದ. ಸಾಹಿತಿಗಳ ಪರವಾಗಿ ದೊಡ್ಡ ಔತಣ ಮಾಡುವುದಾಗಿ ಗೆಳೆಯರಿಬ್ಬರೂ ಮುಂದಾದರು. ಮೂರು ದಿನದಲ್ಲಿ ಪತ್ರಿಕೆಯೊಂದು, ಜತೆಯಲ್ಲಿರುವ ಹೆಂಗಸು ಅವನ ಮದುವೆಯಾದ ಹೆಂಡತಿಯಲ್ಲ ಎಂದು ಬೊಬ್ಬೆ ಹಾಕಿತು. ಹೋಟೆಲಿನವರು ಗಾರ್ಕಿಯನ್ನು ಹೊರಗೆ ಹಾಕಿದರು. ಆಗ ನಮ್ಮ ಗೆಳೆಯರು ಏನು ಮಾಡಿದರು? ಇಬ್ಬರೂ ಹಿಂದೆ ಸರಿದರು. ಔತಣ ಮುರಿದುಬಿತ್ತು. ಕಾನೂನು ಮೀರಬಹುದು, ಊರ ರೂಢಿ ಮೀರಬಾರದು ಎಂಬುದು ಕ್ಲೆಮೆನ್ಸನ ಸಮಾಧಾನ. ನೇಣಿಗೆ ಹೋಗುವವರ ಪರವಾಗಿ ಒಂಟಿಯಾಗಿ ನಿಂತಿದ್ದ ಹೊವೆಲ್ಸ್ ಇಲ್ಲಿ ನಿಲ್ಲಲಿಲ್ಲ. ಗಾರ್ಕಿ ಆ ಬೇಸಿಗೆ ಅಮೆರಿಕದ ಬೆಟ್ಟಸೀಮೆಯ ಮನೆಯೊಂದರಲ್ಲಿ ಉಳಿದು, ಕನ್ನಡದಲ್ಲೂ ನಾವು ಓದಿರುವ ‘ತಾಯಿ’ ಕಾದಂಬರಿ ಬರೆಯುತ್ತಿದ್ದ.

ಹೀಗೇಕಾಯಿತು? ೧೮೮೭ರಲ್ಲಿ ಒಬ್ಬನಿದ್ದಾಗ ಇದ್ದ ಧೈರ್ಯ ೧೯೦೬ರಲ್ಲಿ ಇಬ್ಬರಿದ್ದಾಗ ಏಕೆ ಇರಲಿಲ್ಲ? ನನಗೆ ತೋರುವುದು ಇಷ್ಟು. ಒಬ್ಬನೇ ಇದ್ದಾಗ ಮನಸ್ಸಾಕ್ಷಿ ಪ್ರಶ್ನೆ ಕೇಳುತ್ತದೆ. ಇಬ್ಬರು ಆಪ್ತರು ಕೂಡಿದಾಗ, ಒಬ್ಬನ ಅಂಜಿಕೆಗೆ ಇನ್ನೊಬ್ಬನ ಅಂಜಿಕೆ ಸಾಕ್ಷಿಯಾಗಿ ನಿಲ್ಲುತ್ತದೆ. ನೀನೂ ಹೀಗೇ ಅನ್ನುತ್ತೀಯಲ್ಲ ಎಂದು ಇಬ್ಬರೂ ನಿದ್ದೆ ಹೋಗುತ್ತಾರೆ. ಒಂದೇ ಜಗಲಿಯ ಗೆಳೆತನಕ್ಕೆ ಈ ಅಪಾಯ ಯಾವಾಗಲೂ ಇದೆ.

ಆದರೂ ಅವರು ಅಲ್ಲಿಗೇ ನಿಲ್ಲಲಿಲ್ಲ. ೧೯೦೯ರಲ್ಲಿ ಕಪ್ಪು ಜನರ ಹಕ್ಕಿಗಾಗಿ ರಾಷ್ಟ್ರೀಯ ಸಂಸ್ಥೆಯೊಂದು ಬೇಕೆಂದು ಹೊರಟ ಕರೆಗೆ ಎಪ್ಪತ್ತೆರಡರ ಹತ್ತಿರವಿದ್ದ ಹೊವೆಲ್ಸ್ ಸಹಿ ಹಾಕಿದ. ಕ್ಲೆಮೆನ್ಸ್ ೧೮೮೫ರಿಂದಲೇ ಯೇಲ್ ವಿಶ್ವವಿದ್ಯಾಲಯದ ವಾರ್ನರ್ ಮೆಗ್ವಿನ್ ಎಂಬ ಕಪ್ಪು ವಿದ್ಯಾರ್ಥಿಯ ಖರ್ಚು ಹೊತ್ತಿದ್ದ. ಬಿಳಿಯರು ಕಪ್ಪು ಜನರಿಗೆ ತೀರಿಸಬೇಕಾದ ಋಣ ಇದು ಎಂಬ ಅವನ ಭಾವನೆಯನ್ನು ಹೊವೆಲ್ಸನೇ ದಾಖಲಿಸಿದ್ದಾನೆ. ಆ ಮೆಗ್ವಿನ್ ವಕೀಲನಾಗಿ ಕೈಹಿಡಿದು ನಡೆಸಿದ ಕಿರಿಯರಲ್ಲೊಬ್ಬ ಥರ್ಗುಡ್ ಮಾರ್ಷಲ್. ೧೯೬೭ರಲ್ಲಿ ಮಾರ್ಷಲ್ ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಾಧೀಶನಾದ.

ದುಃಖದಲ್ಲೂ ಅವರು ಸಮಪಾಲುದಾರರು. ಹೊವೆಲ್ಸನ ಮಗಳು ೧೮೮೯ರಲ್ಲಿ ತೀರಿಕೊಂಡಳು. ಕ್ಲೆಮೆನ್ಸನ ಹಿರಿಮಗಳು ೧೮೯೬ರಲ್ಲಿ, ಹೆಂಡತಿ ೧೯೦೪ರಲ್ಲಿ, ಇನ್ನೊಬ್ಬ ಮಗಳು ೧೯೦೯ರ ಕ್ರಿಸ್‌ಮಸ್ ಮುನ್ನಾದಿನ ಹೋದರು. ಕೊನೆಗಾಲದಲ್ಲಿ ಕ್ಲೆಮೆನ್ಸ್ ವಾಸವಿದ್ದ ಮನೆಯ ನಕ್ಷೆ ಬರೆದವನು ಹೊವೆಲ್ಸನ ಮಗ. ಆ ಮನೆಯಲ್ಲೇ ೧೯೧೦ರ ಏಪ್ರಿಲ್ ೨೧ರಂದು ಕ್ಲೆಮೆನ್ಸ್ ಕಣ್ಣುಮುಚ್ಚಿದ. ಎರಡೇ ವಾರದಲ್ಲಿ ಹೊವೆಲ್ಸನ ಹೆಂಡತಿಯೂ ಹೋದಳು. ಆ ಎರಡು ಸಾವುಗಳ ವರ್ಷದಲ್ಲೇ ಎಪ್ಪತ್ತಮೂರರ ಮುದುಕ ಗೆಳೆಯನ ಮೇಲೆ ಪುಸ್ತಕ ಬರೆದು ಮುಗಿಸಿದ. ಅದರಲ್ಲಿ ಗೆಳೆಯನನ್ನು ಲಿಂಕನ್ನನಿಗೆ ಹೋಲಿಸಿದ. ಕೋಟಿನ ತಮಾಷೆಯನ್ನೂ ಬರೆದ, ಔತಣದ ಅವಮಾನವನ್ನೂ ಬರೆದ, ಗಾರ್ಕಿಯ ಪ್ರಸಂಗವನ್ನೂ ಬಿಡಲಿಲ್ಲ. ಹೊವೆಲ್ಸ್ ತೀರಿಕೊಂಡದ್ದು ೧೯೨೦ರಲ್ಲಿ.

ಸಂಗಾತಿಗಳೇ, ನಮ್ಮ ಪಾಲಿಗೆ ಇದರಲ್ಲಿ ಏನಿದೆ? ಗೆಳೆಯ ನಗೆಪಾಟಲಾದಾಗ ಅವನನ್ನು ಬಿಡಬೇಡಿ, ೧೮೭೭ ನೆನಪಿರಲಿ. ಗೆಳೆಯ ಬರಲಿಲ್ಲವೆಂದು ನೀವು ನಿಲ್ಲಬೇಡಿ, ಬಾರದವನನ್ನು ಶತ್ರುವೆಂದು ಬರೆದಿಡಲೂ ಬೇಡಿ, ೧೮೮೭ ನೆನಪಿರಲಿ. ಗೆಳೆಯನೂ ನಾನೂ ಒಪ್ಪಿದ್ದೇವೆ ಎಂಬ ಮಾತ್ರಕ್ಕೆ ನಮ್ಮ ನಡೆ ಸರಿಯೆಂದು ನಂಬಬೇಡಿ, ೧೯೦೬ ನೆನಪಿರಲಿ.

ಅದಕ್ಕೇ ಆ ಪೈಲಟರ ಪೆಟ್ಟಿಗೆಯನ್ನು ನೆನಪಿಡಿ ಎಂದೆ. ಅದರಲ್ಲಿ ಚೀಟಿ ಹಾಕಿದವರೆಲ್ಲ ಪರಸ್ಪರ ಸ್ನೇಹಿತರಾಗಿರಲಿಲ್ಲ. ಕೆಲವರಿಗೆ ಕೆಲವರ ಮುಖ ಕಂಡರಾಗದಿದ್ದಿರಬಹುದು. ಆದರೆ ಒಬ್ಬನಿಗೆ ಕಾಣದ ದಿಬ್ಬ ಇನ್ನೊಬ್ಬನಿಗೆ ಕಂಡಿತ್ತು, ಅವನು ಅದನ್ನು ಬರೆದು ಹಾಕಿದ್ದ. ಸ್ನೇಹ ಮನುಷ್ಯನನ್ನು ಎತ್ತಿ ನಿಲ್ಲಿಸುತ್ತದೆ. ಅವನು ದಾರ‍ಿ ತಪ್ಪಿದಾಗ, ಸ್ನೇಹಿತನಲ್ಲದವನೂ ಎದ್ದು ಕೇಳಬಹುದಾದ ಜಾಗಕ್ಕೆ ಸಂಘ ಎಂದು ಹೆಸರು. ನಮಗೆ ಎರಡೂ ಬೇಕು. ಮುಂದಿನ ಭಾನುವಾರ ಸದಸ್ಯರ ಸಭೆಯಿದೆ. ನಿಮ್ಮ ನಿಮ್ಮ ಆಪ್ತರನ್ನು ಕರೆತನ್ನಿ. ಆಪ್ತರಲ್ಲದ ಒಬ್ಬೊಬ್ಬರನ್ನೂ ಕರೆತನ್ನಿ.